ಒಂದು ಕಣ್ಣು ತಡ

ಮಕ್ಕಳ ಕಥೆಯಲ್ಲಿ ಗೊಂಬೆ ಖಳನಾಯಕಿಯಾದರೆ ಸಾಕು, ಚಿತ್ರ ಬರೆಯುವವರು ಕೆಂಪು ಬಣ್ಣದ ಡಬ್ಬಿ ಬಿಚ್ಚಿಬಿಡುತ್ತಾರೆ. ಕಣ್ಣಿಗೆ ಕೆಂಪು, ತುಟಿಯಂಚಿಗೆ ಕೆಂಪು, ಸಾಲದ್ದಕ್ಕೆ ಕೋರೆಹಲ್ಲು ಬೇರೆ. ನೋಡಿದರೆ ಮೈ ಉರಿಯುತ್ತದೆ. ಕೋರೆಹಲ್ಲಿನ ಗೊಂಬೆಯನ್ನು ಯಾವ ಮಗು ತಾನೇ ಮಗ್ಗುಲಲ್ಲಿ ಮಲಗಿಸಿಕೊಂಡೀತು? ನಿಜವಾಗಿ ಹೆದರಿಸುವುದು ಮುದ್ದಾಗಿದ್ದೂ ಎಲ್ಲೋ ಒಂದು ಕಡೆ ಕೆಟ್ಟಿರುವ ಗೊಂಬೆ.

ಮಲಗಿಸಿದರೆ ಕಣ್ಣು ಮುಚ್ಚುವುದನ್ನೇ ತೆಗೆದುಕೊಳ್ಳಿ. ಕಣ್ಣುಗುಡ್ಡೆಗೆ ಸಣ್ಣದೊಂದು ಲೋಹದ ತೂಕ ಕಟ್ಟಿರುತ್ತದೆ. ತಲೆ ಎತ್ತ ವಾಲಿದರೂ ತೂಕ ನೆಲದ ಕಡೆಗೇ ಜೋತುಬಿದ್ದು, ಗುಡ್ಡೆ ಉರುಳಿ ರೆಪ್ಪೆ ಇಳಿಯುತ್ತದೆ. ಹಳೆಯ ಪಿಂಗಾಣಿ ತಲೆಗಳಲ್ಲಿ ಎರಡೂ ಕಣ್ಣಿಗೆ ಸಾಮಾನ್ಯವಾಗಿ ಒಂದೇ ತಂತಿ. ಕೆಟ್ಟರೆ ಜೋಡಿಯಾಗಿಯೇ ಕೆಡುತ್ತವೆ. ಪ್ಲಾಸ್ಟಿಕ್ ಗೊಂಬೆಗಳಲ್ಲಿ ಅನೇಕಕ್ಕೆ ಒಂದೊಂದು ಕಣ್ಣಿಗೂ ಬೇರೆ ಗೂಡು, ಬೇರೆ ತೂಕ. ಸ್ನಾನ ಮಾಡಿಸುವಾಗ ಒಂದರೊಳಗೆ ನೀರಿಳಿದು ತುಕ್ಕು ಹಿಡಿಯಿತೋ, ಮುಗಿಯಿತು: ಒಂದು ಕಣ್ಣು ಟಪ್ಪನೆ ಮುಚ್ಚುತ್ತದೆ, ಇನ್ನೊಂದು ಯೋಚಿಸಿ ಮುಚ್ಚುತ್ತದೆ. ಅಷ್ಟರಲ್ಲಿ ಖಳನಾಯಕಿ ಹುಟ್ಟಿಯಾಯಿತು.

ದನಿಯ ಕಥೆಯೂ ಅದೇ. ‘ಅಮ್ಮಾ’ ಎನ್ನುವ ಗೊಂಬೆಯ ಹೊಟ್ಟೆಯಲ್ಲಿ ಪುಟ್ಟ ತಿದಿ, ಅದರ ಮೇಲೊಂದು ತೂಕ, ಗಾಳಿ ಹೊರಡುವಲ್ಲಿ ರೀಡು, ಅಂದರೆ ಗಾಳಿಗೆ ಅದುರಿ ದನಿ ಮಾಡುವ ತೆಳು ಪಟ್ಟಿ. ವಾಲಿಸಿದರೆ ತೂಕ ತಿದಿಯನ್ನು ಒತ್ತುತ್ತದೆ. ತಿದಿ ತೂತಾದರೆ ಕರೆ ಹೋಗಿ ನರಳಾಟ ಉಳಿಯುತ್ತದೆ.

ಆದರೆ ಈ ವಿದ್ಯೆಯಲ್ಲಿ ಥಾಮಸ್ ಎಡಿಸನ್ನನ ಮುಂದೆ ಉಳಿದವರೆಲ್ಲ ಅಂಬೆಗಾಲಿಡುವವರು. 1890ರಲ್ಲಿ ಅವನ ಕಂಪನಿ ಅಮೆರಿಕದಲ್ಲಿ ಮಾತಾಡುವ ಗೊಂಬೆ ಮಾರಾಟಕ್ಕಿಟ್ಟಿತು. ಸುಮಾರು 22 ಇಂಚು ಎತ್ತರ, ಪಿಂಗಾಣಿ ತಲೆ, ತಗಡಿನ ಮುಂಡ, ದನಿ ಹೊರಬರಲು ಎದೆಯ ತುಂಬ ತೂತು. ಒಳಗೆ ಪುಟಾಣಿ ಫೋನೋಗ್ರಾಫ್, ಅಂದರೆ ಮೇಣದ ಉರುಳೆಯ ಮೇಲೆ ಗೀರಾಗಿ ಮೂಡಿಸಿದ ದನಿಯನ್ನು ಮುಳ್ಳಿನಿಂದ ಮತ್ತೆ ಆಡಿಸುವ ಯಂತ್ರ; ಬೆನ್ನಲ್ಲಿ ತಿರುಗಿಸುವ ಹಿಡಿಕೆ. ಮೇಣದ ಉರುಳೆಗೆ ನಕಲು ತೆಗೆಯುವ ದಾರಿ ಆಗಿನ್ನೂ ಇರಲಿಲ್ಲ. ಕೆಲಸಕ್ಕಿಟ್ಟುಕೊಂಡ ಹೆಣ್ಣುಮಕ್ಕಳು ಒಂದೊಂದು ಗೊಂಬೆಗೂ ಅದೇ ಪದ್ಯವನ್ನು ಮತ್ತೆ ಮತ್ತೆ ಒದರಬೇಕಿತ್ತು. ಹೌದು, ಒದರಬೇಕಿತ್ತು, ಮೆಲ್ಲಗೆ ಹೇಳಿದರೆ ಮೇಣದಲ್ಲಿ ಗೀರು ಮೂಡುವುದಿಲ್ಲ. ಇನ್ನು ಹಿಡಿಕೆ ತಿರುಗಿಸಬೇಕಾದದ್ದು ಮಗು, ಅದೂ ಒಂದೇ ವೇಗದಲ್ಲಿ! ಜೋರಾದರೆ ಕೀರಲು, ನಿಧಾನವಾದರೆ ಗೊಗ್ಗರು. ಉಕ್ಕಿನ ಮುಳ್ಳು ಆಡಿಸಿದಷ್ಟೂ ಮೇಣ ಸವೆಸಿ, ಹಾಡು ಬರಬರುತ್ತಾ ಬರೀ ಕರಕರ. ಧ್ವನಿಮುದ್ರಿಸಿದ್ದರಲ್ಲಿ ಒಂದು ಮಲಗುವ ಹೊತ್ತಿನ ಪ್ರಾರ್ಥನೆ: ಏಳುವ ಮೊದಲೇ ಸತ್ತರೆ ನನ್ನ ಆತ್ಮವನ್ನು ನಿನ್ನ ಬಳಿಗೆ ಕರೆದುಕೋ ದೇವರೇ, ಎನ್ನುವಂಥದ್ದು. ಇದನ್ನು ಮಕ್ಕಳ ಕೈಗೆ ಕೊಟ್ಟ ಪುಣ್ಯಾತ್ಮರಿಗೆ ಏನೆನ್ನಬೇಕು! ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. ಮುಳ್ಳು ಸೋಕಿಸದೆ, ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಕಂಪ್ಯೂಟರಿನಲ್ಲಿ ದನಿ ಹೊರಡಿಸುವ ತಂತ್ರದಿಂದ ಆ ಧ್ವನಿಮುದ್ರಣಗಳಲ್ಲಿ ಕೆಲವನ್ನು ಈಗ ಕೇಳಬಹುದು. ಕೇಳಲೇಬೇಕೆಂದಿದ್ದರೆ ಹಗಲು ಹೊತ್ತಿನಲ್ಲಿ ಕೇಳಿ.

ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಈ ಬಗೆಯ ಹೆದರಿಕೆಗೊಂದು ರೇಖೆ ಎಳೆದ: ಮನುಷ್ಯನ ಹೋಲಿಕೆ ಹೆಚ್ಚಿದಂತೆ ಅಕ್ಕರೆಯೂ ಏರಿ, ಪೂರ್ತಿ ಹೋಲುವುದಕ್ಕೆ ತುಸು ಮುಂಚೆ ದಢಾರನೆ ಬೀಳುತ್ತದಂತೆ. ಇರಬಹುದು. ಹಾಗೆ ಬಿದ್ದ ಗೊಂಬೆಯನ್ನೇ ಕೆಲವು ಮಕ್ಕಳು ಹಟ ಹಿಡಿದು ಹಾಸಿಗೆಗೆ ಎಳೆದೊಯ್ಯುವುದೇಕೆ ಎಂಬುದಕ್ಕೆ ಆ ರೇಖೆ ಉತ್ತರ ಹೇಳುವುದಿಲ್ಲ.

ಕಥೆ ಬರೆಯುವವರಿಗೆ ಉತ್ತರವೇನೂ ಬೇಡ, ದೋಷವೊಂದು ಸಾಕು. ಒಂದೇ ಇರಲಿ, ಗೊಂಬೆಯ ಒಳಗಿಂದಲೇ ಬಂದಿರಲಿ. ಕೈಕಾಲು ಜೋಡಿಸಿದ ರಬ್ಬರು ಸಡಿಲವಾಗಿ ಕತ್ತು ದಿನಕ್ಕಿಷ್ಟು ವಾಲಲಿ. ವಿನೈಲ್ ಪ್ಲಾಸ್ಟಿಕ್ ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ದ್ರವ ವರ್ಷಗಳಾದ ಮೇಲೆ ಹೊರಗೆ ಜಿನುಗಿ ಕೆನ್ನೆ ಅಂಟಂಟಾಗಲಿ. ಒರೆಸಿದರೆ ಹೋಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತದೆ. ಚಾಕುವನ್ನು ಅಡುಗೆಮನೆಯಲ್ಲೇ ಬಿಡಿ.