ಹಾದಿ ಸವರುವುದಕ್ಕೆ ಒಂದು ಶನಿವಾರ

ಕಳೆದ ಶನಿವಾರ ನಾವು ಒಂಬತ್ತು ಜನ ಸೇರಿ ಬೆಟ್ಟದ ಕಾಲುದಾರಿ ಸರಿಪಡಿಸಲು ಆರು ತಾಸು ಕೆಲಸ ಮಾಡಿದೆವು. ಮುಗಿದದ್ದು ಅರ್ಧ ಮೈಲಿಗೂ ಕಡಿಮೆ ಹಾದಿ. ಮಂಡಿವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದೆ. ಬೆಂಗಳೂರಿನ ಗೆಳೆಯನೊಬ್ಬ ಫೋಟೋ ನೋಡಿ ಫೋನ್ ಮಾಡಿದ. "ಅಷ್ಟೊಂದು ಟ್ಯಾಕ್ಸ್ ಕಟ್ತೀಯ, ಇದನ್ನ ಸರ್ಕಾರ ಮಾಡಲ್ವಾ? ನೀನ್ಯಾಕೆ ಗುದ್ದಲಿ ಹಿಡೀಬೇಕು?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಾನು ಸಾಗರದ ಕಡೆಯವನು, ಈಗ ಇರುವುದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ. ಕಾರಿನಲ್ಲಿ ಒಂದೂವರೆ ತಾಸು ಹೋದರೆ ಶೆನಾಂಡೋವಾ ನ್ಯಾಷನಲ್ ಪಾರ್ಕ್ ಸಿಗುತ್ತದೆ. ಬ್ಲೂ ರಿಜ್ ಬೆಟ್ಟಸಾಲಿನ ನೆತ್ತಿಯ ಮೇಲೆ 105 ಮೈಲಿ ಉದ್ದಕ್ಕೆ ಸ್ಕೈಲೈನ್ ಡ್ರೈವ್ ಅಂತ ರಸ್ತೆ ಇದೆ. ಮೊದಲ ಮೂರು ವರ್ಷ ನನಗೆ ಆ ಬೆಟ್ಟ ಅಂದರೆ ಆ ರಸ್ತೆ ಅಷ್ಟೇ. ಅಕ್ಟೋಬರ್‌ನಲ್ಲಿ ಎಲೆ ಕೆಂಪಾದಾಗ ಹೋಗುವುದು, ಅಲ್ಲಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವುದು, ಚಿತ್ರಾನ್ನದ ಡಬ್ಬಿ ಖಾಲಿ ಮಾಡಿ ವಾಪಸ್ ಬರುವುದು. ಹೊಸ ದೇಶದಲ್ಲಿ ಶನಿವಾರ ಭಾನುವಾರಗಳು ಬಹಳ ಉದ್ದ. ಬಂದವರಿಗೆ ಗೊತ್ತು.

ಒಂದು ದಿನ ಒಬ್ಬನೇ ಒಂದು ಹಾದಿ ಹಿಡಿದು ನಡೆಯುತ್ತಿದ್ದೆ. ತಿರುವಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಗುದ್ದಲಿಯಂಥದ್ದೊಂದನ್ನು ಹಿಡಿದು ಹಾದಿಯಲ್ಲಿ ಕಟ್ಟಿಕೊಂಡ ಎಲೆ, ಮಣ್ಣು ಎಳೆದೆಳೆದು ಇಳಿಜಾರಿಗೆ ಹಾಕುತ್ತಿದ್ದರು. ಪಾರ್ಕಿನವರಾ ಅಂತ ಕೇಳಿದೆ. ಅಲ್ಲ, ಕ್ಲಬ್‌ನವಳು, ಈ ಮೈಲಿ ನನ್ನದು ಅಂದರು. ಈ ಮೈಲಿ ನನ್ನದು! ವಾರವಿಡೀ ಆ ಮಾತು ತಲೆಯಲ್ಲಿ ಉಳಿಯಿತು. ಊರು ಬಿಟ್ಟ ಮೇಲೆ ಯಾವ ನೆಲದ ಬಗ್ಗೆಯೂ ನಾನು ಹಾಗೆ ಅಂದಿರಲಿಲ್ಲ.

ಅವರು ಹೇಳಿದ್ದು ಪೊಟೊಮ್ಯಾಕ್ ಅಪಲಾಚಿಯನ್ ಟ್ರೇಲ್ ಕ್ಲಬ್ ಬಗ್ಗೆ. ಆಮೇಲೆ ನಾನೂ ಅದಕ್ಕೆ ಸೇರಿದೆ. ಅದು ಶುರುವಾದದ್ದು 1927ರಲ್ಲಿ. ಅಪಲಾಚಿಯನ್ ಟ್ರೇಲ್ ಹೆಸರು ಹಲವರು ಕೇಳಿರುತ್ತೀರಿ. ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯ ದಾಟಿ ಹೋಗುವ ಸುಮಾರು 3,500 ಕಿಲೋಮೀಟರ್ ಕಾಲುದಾರಿ ಅದು. ಹೀಗೊಂದು ಹಾದಿ ಬೇಕು ಅಂತ ಬೆಂಟನ್ ಮೆಕೈ ಎಂಬವರು ಬರೆದದ್ದು 1921ರಲ್ಲಿ. 1937ರ ಹೊತ್ತಿಗೆ ಕೊನೆಯ ತುಂಡೂ ಕೂಡಿತ್ತು. ನಮ್ಮ ಕ್ಲಬ್ ಕಟ್ಟಿದವರಲ್ಲಿ ಒಬ್ಬರು ಮೈರನ್ ಏವರಿ, ವೃತ್ತಿಯಲ್ಲಿ ವಕೀಲರು. ಸೈಕಲ್ ಚಕ್ರದ ಅಳತೆಗೋಲು ತಳ್ಳಿಕೊಂಡು ಈ ಹಾದಿಯನ್ನು ನಡೆದು ಅಳೆದವರು. 1968ರಲ್ಲಿ ಕಾಯ್ದೆ ಬಂದು ಇದು ರಾಷ್ಟ್ರೀಯ ಹಾದಿಯಾಯಿತು. ಆದರೂ ನೋಡಿಕೊಳ್ಳುವವರು ಇವತ್ತಿಗೂ ಮೂವತ್ತರಷ್ಟು ಕ್ಲಬ್‌ಗಳ ಸ್ವಯಂಸೇವಕರೇ. ಗೆಳೆಯನಿಗೆ ನನ್ನ ಮೊದಲ ಉತ್ತರ ಇದು. ಸರ್ಕಾರ ಬರುವ ಮೊದಲೇ ಈ ಹಾದಿ ನಡೆಯುವವರ ಕೈಯಲ್ಲಿತ್ತು. ಜಾಗ ಪಾರ್ಕಿನದು, ನಿಯಮ ಪಾರ್ಕಿನದು, ಗುದ್ದಲಿ ಹಿಡಿಯುವ ಕೈ ನಮ್ಮದು.

ಸರಿ, ಕೆಲಸದ ವಿಷಯಕ್ಕೆ ಬರೋಣ. ಹಾದಿ ಕೆಲಸ ಅಂದರೆ ಕಲ್ಲು ಹೊರುವುದು, ಬಿದ್ದ ಮರ ಕತ್ತರಿಸುವುದು ಅಂತ ತಿಳಿದು ಹೋಗಿದ್ದೆ. ಅದೂ ಇದೆ. ಆದರೆ ಜಾಸ್ತಿ ಕೆಲಸ ನೀರಿನದು. ಸಾವಿರಾರು ಜನ ತುಳಿದರೆ ಹಾದಿಯ ನಡುಭಾಗ ಗಟ್ಟಿಯಾಗಿ ತಗ್ಗಾಗುತ್ತದೆ. ಇಳಿಜಾರಿನ ಕಡೆಯ ಅಂಚಿನಲ್ಲಿ ಎಲೆ, ಮಣ್ಣು ಸೇರಿ ಸಣ್ಣ ಬದುವಿನ ಹಾಗೆ ಏಳುತ್ತದೆ. ಮಳೆ ಬಂದರೆ ನೀರು ಪಕ್ಕಕ್ಕೆ ಇಳಿದು ಹೋಗಲು ಜಾಗ ಇಲ್ಲದೆ ಹಾದಿಯಲ್ಲೇ ಓಡುತ್ತದೆ, ಓಡಿದಷ್ಟೂ ಜೋರಾಗುತ್ತದೆ, ಮಣ್ಣು ಕಿತ್ತುಕೊಂಡು ಹೋಗಿ ಬರೀ ಕಲ್ಲು, ಬೇರು ಬಿಟ್ಟು ಹೋಗುತ್ತದೆ. ಆಮೇಲೆ ನಡೆಯುವವರು ಏನು ಮಾಡುತ್ತಾರೆ? ಕಲ್ಲು ಕೆಸರು ಬೇಡ ಅಂತ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಎರಡು ವರ್ಷದಲ್ಲಿ ಅಲ್ಲೂ ಒಂದು ಕೊರಕಲು. ಎರಡಡಿ ಇದ್ದ ಹಾದಿ ಹತ್ತಡಿ ಗಾಯವಾಗುತ್ತದೆ. ಸುತ್ತು ಹಾದಿಯ ತಿರುವು ಬಿಟ್ಟು ನೇರ ಇಳಿದು ಶಾರ್ಟ್‌ಕಟ್ ಹೊಡೆಯುವವರಿಂದ ಆಗುವುದೂ ಇದೇ. ಅವರ ಕಾಲ್ಗುರುತನ್ನು ಹಿಡಿದು ನೀರು ಇಳಿಯುತ್ತದೆ.

ಅದಕ್ಕೆ ನಾವು ಅಂಚಿನ ಬದು ಒಡೆದು ಹಾದಿಯನ್ನು ಇಳಿಜಾರಿನ ಕಡೆಗೆ ಒಂಚೂರು ವಾಲಿಸುತ್ತೇವೆ. ಕಡಿದಾದ ಕಡೆ ಮರದ ದಿಮ್ಮಿಯನ್ನೋ ಕಲ್ಲುಗಳನ್ನೋ ಹಾದಿಗೆ ಓರೆಯಾಗಿ ಹೂಳಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತೇವೆ. ಇದಕ್ಕೆ ಇಲ್ಲಿ ವಾಟರ್‌ಬಾರ್ ಅಂತಾರೆ. ಹೂಳುವುದು ಒಂದು ಸಲದ ಕೆಲಸ. ಅದರ ಬಾಯಲ್ಲಿ ಕಟ್ಟುವ ಎಲೆ, ಹೂಳು ತೆಗೆಯುವುದು ಪ್ರತಿ ವರ್ಷದ ಕೆಲಸ. ಒಂದು ವರ್ಷ ಬಿಟ್ಟರೂ ಅದು ತುಂಬಿ ನೀರು ಮೇಲಿಂದ ಹಾರಿ ಹೋಗುತ್ತದೆ.

ಮೊದಲ ಸಲ ಕಲ್ಲು ಕೂರಿಸಿದ ದಿನ ಊಟದ ಹೊತ್ತಿಗೆ ಅಪ್ಪಯ್ಯನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡಿ ತೋಡಿ ಬೆನ್ನು ಬಗ್ಗಿದ ಮನುಷ್ಯ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. "ಕಲ್ಲನ್ನ ಪೂರ್ತಿ ಅಡ್ಡ ಇಟ್ಟಿದೀಯಲ್ಲೋ, ಹೂಳು ಅಲ್ಲೇ ನಿಲ್ತದೆ. ಇನ್ನೂ ಸ್ವಲ್ಪ ಓರೆ ಮಾಡು, ನೀರೇ ಮಣ್ಣು ಹೊತ್ತುಕೊಂಡು ಹೋಗ್ತದೆ" ಅಂದರು. ಅರ್ಧ ತಾಸು ಬಿಟ್ಟು ನಮ್ಮ ತಂಡದ ಮುಖ್ಯಸ್ಥರು ಬಂದು ನೋಡಿ ಹೇಳಿದ್ದೂ ಅದನ್ನೇ! ಕಲ್ಲು ಕಿತ್ತು ಮತ್ತೆ ಕೂರಿಸಿದೆ. ಅವತ್ತು ಆದ ಸಂತೋಷ ಹೇಳಿಕೊಳ್ಳಲು ಬರುವುದಿಲ್ಲ. ಹದಿಮೂರು ಸಾವಿರ ಕಿಲೋಮೀಟರ್ ಆಚೆ ಅಪ್ಪಯ್ಯನ ಕೆಲಸ ನನ್ನ ಕೈಗೆ ಬಂದಿತ್ತು.

ನಮ್ಮ ಕಡೆ ಒಂಟಿ ಮನೆಗಳು, ಮನೆಯಿಂದ ಮನೆಗೆ ಕಾಲುದಾರಿ, ಹಳ್ಳಕ್ಕೆ ಮರದ ಸಂಕ. ಮಳೆಗಾಲ ಕಳೆಯುತ್ತಿದ್ದ ಹಾಗೆ ಮನೆಗೊಬ್ಬರು ಕತ್ತಿ ಹಿಡಿದು ಬಂದು ಹಾದಿ ಸವರುತ್ತಿದ್ದರು. ಚಿಕ್ಕವನಿದ್ದಾಗ ನಾನು ಕಡಿದ ಸೊಪ್ಪು ಎಳೆದು ಹಾಕುತ್ತಿದ್ದೆ. ಯಾರೂ ಅದನ್ನು ಸೇವೆ ಅನ್ನುತ್ತಿರಲಿಲ್ಲ. ನಾಳೆ ಮಕ್ಕಳು ಶಾಲೆಗೆ ಹೋಗಬೇಕು, ಹಾಲು ಡೇರಿಗೆ ಹೋಗಬೇಕು, ಅಷ್ಟೇ. ಈಗ ಮನೆ ಬಾಗಿಲಿಗೆ ರಸ್ತೆ ಬಂದಿದೆ, ಬೈಕು ಬಂದಿದೆ. ಒಳ್ಳೆಯದೇ. ಹಳೆಯ ಹಾದಿಯಲ್ಲಿ ಈಗ ಲಂಟಾನ ಆಳೆತ್ತರ ನಿಂತಿದೆ.

ಹತ್ಯಾರದ ಬಗ್ಗೆ ಒಂದು ಮಾತು. ಇಲ್ಲಿ ಎಲ್ಲರ ಕೈಯಲ್ಲಿ ಪುಲಾಸ್ಕಿ ಅಂತ ಒಂದು ಇರುತ್ತದೆ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. 1910ರ ದೊಡ್ಡ ಕಾಳ್ಗಿಚ್ಚಿನಲ್ಲಿ ಗಣಿಯ ಸುರಂಗಕ್ಕೆ ನುಗ್ಗಿಸಿ ಸುಮಾರು ನಲವತ್ತು ಕೆಲಸಗಾರರ ಜೀವ ಉಳಿಸಿದ ಎಡ್ ಪುಲಾಸ್ಕಿ ಎಂಬ ಅರಣ್ಯ ರೇಂಜರ್‌ನ ಹೆಸರು ಅದಕ್ಕೆ. ಹತ್ಯಾರವನ್ನು ಹೆಗಲ ಮೇಲೆ ಹೊರುವಂತಿಲ್ಲ, ಇಳಿಜಾರಿನ ಕಡೆಯ ಕೈಯಲ್ಲಿ ಕೆಳಗೆ ಹಿಡಿದು ನಡೆಯಬೇಕು. ಜಾರಿದರೆ ಅದನ್ನು ಆಚೆ ಬಿಸಾಕಿ ಬೀಳಬಹುದು, ಅದಕ್ಕೆ. ಒಬ್ಬರಿಂದ ಒಬ್ಬರಿಗೆ ಹತ್ತಡಿ ದೂರ ಇರಬೇಕು. ತಲೆಗೆ ಹೆಲ್ಮೆಟ್. ಪ್ರತಿ ಬೆಳಿಗ್ಗೆ ಇದೆಲ್ಲ ಹೇಳಿಯೇ ಕೆಲಸ ಶುರು, ಇಪ್ಪತ್ತು ವರ್ಷದಿಂದ ಬರುವವರೂ ನಿಂತು ಕೇಳುತ್ತಾರೆ. ಇದು ನನಗೆ ಬಹಳ ಇಷ್ಟವಾದ ವಿಷಯ.

ಪಾರ್ಕಿನ ಸುಮಾರು ನೂರಕ್ಕೆ ನಲವತ್ತು ಭಾಗ ವೈಲ್ಡರ್‌ನೆಸ್ ಅಂತ ಗುರುತಾದ ಕಾಡು. 1964ರ ಕಾಯ್ದೆ ಪ್ರಕಾರ ಅಲ್ಲಿ ಯಂತ್ರ ತರುವಂತಿಲ್ಲ. ಮರ ಬಿದ್ದರೆ ಇಬ್ಬರು ಆಚೀಚೆ ನಿಂತು ಉದ್ದನೆಯ ಗರಗಸದಲ್ಲಿ ಕೊಯ್ಯಬೇಕು. ಅದಕ್ಕೂ ತರಬೇತಿ, ಸರ್ಟಿಫಿಕೇಟ್ ಬೇಕು. ಬೀಳುವ ಮರಗಳೂ ಈಗ ಜಾಸ್ತಿ. ಆ್ಯಶ್ ಮರಗಳನ್ನು ಏಷ್ಯಾದಿಂದ ಬಂದ ಒಂದು ಹಸಿರು ದುಂಬಿ ತಿಂದು ಒಣಗಿಸಿದೆ, ಹೆಮ್ಲಾಕ್ ಮರಗಳನ್ನು ಇನ್ನೊಂದು ಹುಳು. ಒಣಗಿ ನಿಂತ ಮರ ಗಾಳಿಗೆ, ಹಿಮಕ್ಕೆ ಬೀಳದೆ ಇರುತ್ತದಾ? ಎಂಟು ಡಿಗ್ರಿ ಚಳಿಯಲ್ಲಿ ಗರಗಸದ ಒಂದು ತುದಿ ನಾನು, ಇನ್ನೊಂದು ತುದಿ ಒಬ್ಬ ನಿವೃತ್ತ ಮೇಷ್ಟ್ರು. ಎಳೆಯಬೇಕು, ದೂಡಬಾರದು. ದೂಡಿದರೆ ಗರಗಸ ಬಾಗುತ್ತದೆ. ಅವರು ಎಳೆಯುವಾಗ ನನ್ನ ಕೈ ಸಡಿಲ, ನಾನು ಎಳೆಯುವಾಗ ಅವರದು. ನಾವಿಬ್ಬರೂ ಆ ದಿನ ಹೆಚ್ಚು ಮಾತಾಡಲಿಲ್ಲ. ಮುಂದಿನ ತಿಂಗಳು ಅವರು ಮನೆಗೆ ಊಟಕ್ಕೆ ಕರೆದರು. ಅಷ್ಟು ವರ್ಷದಲ್ಲಿ ಈ ದೇಶದವರೊಬ್ಬರು ನನ್ನನ್ನು ಮನೆಗೆ ಕರೆದದ್ದು ಅದೇ ಮೊದಲು.

ಉಣುಗಿನ ಕಾಟ ಇಲ್ಲೂ ಇದೆ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಇಲ್ಲಿ ಲೈಮ್ ಕಾಯಿಲೆ. ಬರುವವರು ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಿ, ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಬೇಕು. ಇದನ್ನು ಸಲೀಸಾಗಿ ತಗೋಬೇಡಿ.

ಇನ್ನೊಂದು ಹೇಳಲೇಬೇಕು. ಈ ಪಾರ್ಕ್ 1935ರಲ್ಲಿ ಆದಾಗ ಬೆಟ್ಟದಲ್ಲಿದ್ದ 500ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಡಬೇಕಾಯಿತು. ಹಾದಿ ಪಕ್ಕದಲ್ಲಿ ಕಲ್ಲಿನ ಗೋಡೆ, ಒಂಟಿಯಾಗಿ ನಿಂತ ಹೊಗೆಗೂಡು, ಯಾರೂ ಕೊಯ್ಯದ ಸೇಬಿನ ಮರ ಈಗಲೂ ಸಿಗುತ್ತವೆ. ಶರಾವತಿ ಹಿನ್ನೀರಿನ ಕಡೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಹೋದ ಊರುಗಳ ಹಾದಿಗಳು ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುತ್ತವೆ, ನೀರಿನ ಕಡೆಗೇ ಇಳಿದು ಹೋಗುತ್ತವೆ. ಇಲ್ಲಿ ಒಂದು ಹಳೆಯ ಮನೆಯ ಮುಂದಿನ ಹಾದಿ ಸವರುವಾಗ ನಾನು ಸುಮ್ನೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ಮೈಲಿ ನನ್ನದು ಅನ್ನುವ ಮೊದಲು ಅದು ಯಾರದ್ದಾಗಿತ್ತು ಅಂತ ಗೊತ್ತಿರಬೇಕು.

ಈಗ ಊರಿನ ಟ್ರೆಕ್ಕಿಂಗ್ ಗೆಳೆಯರಿಗೆ. 2024ರ ಜನವರಿ ಕೊನೆಯಲ್ಲಿ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ ವಿಡಿಯೋ ನೀವೆಲ್ಲ ನೋಡಿದ್ದೀರಿ. ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು, ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ 300 ಜನ ಎಂಬ ಮಿತಿ ಬಂತು. ಮಿತಿ ಸರಿಯಾದದ್ದೇ, ನಾನು ಪೂರ್ತಿ ಒಪ್ಪುತ್ತೇನೆ. ಆದರೆ 300 ಜನರ 600 ಕಾಲು ನಮ್ಮ ಜೂನ್ ಜುಲೈ ಮಳೆ ಬೀಳುವ ಇಳಿಜಾರಿನ ಮೇಲೆ ಏನು ಮಾಡುತ್ತವೆ ಅಂತ ಯೋಚಿಸಿ. ಇಲ್ಲಿನ ಬ್ಲೂ ರಿಜ್ ಬೆಟ್ಟಕ್ಕಿಂತ ನಮ್ಮ ಘಟ್ಟದಲ್ಲಿ ಮಳೆ ಎಷ್ಟೋ ಪಟ್ಟು ಜೋರು. ನಮ್ಮ ಗುಂಪುಗಳು ಪ್ಲಾಸ್ಟಿಕ್ ಹೆಕ್ಕಲು ಹೋಗುತ್ತವೆ, ಅದು ಒಳ್ಳೆಯ ಕೆಲಸ, ಮಾಡಿ. ಹಾದಿಯ ನೀರನ್ನು ಮುಟ್ಟುವವರು ನನಗೆ ಕಂಡಿಲ್ಲ. ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಗಿರಿಗದ್ದೆಯಿಂದ ಮೇಲಿನ ಹುಲ್ಲುಗಾವಲಿನಲ್ಲಿ ಒಂದು ಹಾದಿ ಸವೆದು, ಅದರ ಪಕ್ಕದಲ್ಲಿ ಇನ್ನೊಂದು ಹುಟ್ಟಿದ್ದನ್ನು ನಡೆದವರು ನೋಡಿರುತ್ತೀರಿ ಅಲ್ವಾ?

ಕುಮಾರ ಪರ್ವತ ಇರುವುದು ವನ್ಯಧಾಮದಲ್ಲಿ. ನಾವು ನಾವೇ ಗುದ್ದಲಿ ಹಿಡಿದು ಹೋಗುವಂತಿಲ್ಲ, ಹೋಗಲೂಬಾರದು. ಇಲಾಖೆಯ ಜೊತೆಗೇ ಆಗಬೇಕು. ಇಲ್ಲಿ ಕ್ಲಬ್ ಪ್ರತಿ ಒಂದೆರಡು ಮೈಲಿಗೆ ಒಬ್ಬರ ಹೆಸರು ಬರೆದುಕೊಡುತ್ತದೆ, ಅವರನ್ನು ಓವರ್‌ಸಿಯರ್ ಅಂತ ಕರೆಯುತ್ತಾರೆ. ಹಾದಿ ಕೆಟ್ಟರೆ ಯಾರನ್ನು ಕೇಳಬೇಕು ಅಂತ ಪಾರ್ಕಿಗೂ ಗೊತ್ತು, ಕ್ಲಬ್‌ಗೂ ಗೊತ್ತು. ಇಂಥದ್ದೊಂದು ಏರ್ಪಾಟನ್ನು ನಮ್ಮಲ್ಲೂ ಒಂದು ಹಾದಿಯಲ್ಲಿ ಶುರು ಮಾಡಿ ನೋಡಬಹುದು. ಬುಡದ ಊರಿನವರಿಗೆ ನೀರಿನ ವಿದ್ಯೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಕೂಲಿ ಕೊಟ್ಟು, ಮುಖ್ಯಸ್ಥರನ್ನಾಗಿ ಮಾಡಿ, ನಗರದಿಂದ ಹೋಗುವವರು ಅವರ ಕೈಕೆಳಗೆ ಕೆಲಸ ಮಾಡಲಿ. ಚಾರಣದ ಶುಲ್ಕದಲ್ಲಿ ಒಂದು ಪಾಲು ಅದಕ್ಕೇ ಹೋಗಲಿ. ಮಳೆಗೆ ಮೊದಲು ಒಂದು ಸಲ, ಮಳೆ ಕಳೆದ ಮೇಲೆ ಒಂದು ಸಲ. ವರ್ಷಕ್ಕೆ ಹತ್ತು ಟ್ರೆಕ್ ಮಾಡುವವರಿಗೆ ಇದು ಹೆಚ್ಚಾಗುತ್ತದಾ?

ಕಳೆದ ವರ್ಷದಿಂದ ನನಗೂ ಒಂದು ತುಂಡು ಸಿಕ್ಕಿದೆ. ಒಂದು ಮೈಲಿ ಚಿಲ್ಲರೆ, ಇಪ್ಪತ್ತಮೂರು ವಾಟರ್‌ಬಾರ್. ಮರದ ಮೇಲೆ ಎರಡಂಗುಲ ಅಗಲ ಆರಂಗುಲ ಉದ್ದದ ನೀಲಿ ಗುರುತುಗಳಿಗೆ ಈ ಬೇಸಿಗೆಯಲ್ಲಿ ನಾನೇ ಹೊಸ ಬಣ್ಣ ಹಚ್ಚಿದೆ. ಅಪ್ಪಯ್ಯ ಈಗ ಪ್ರತಿ ಫೋನಿನಲ್ಲೂ "ಹನ್ನೊಂದನೇದು ನಿಂತಿದೆಯಾ?" ಅಂತ ಕೇಳುತ್ತಾರೆ, ಮಾರ್ಚ್ ಮಳೆಗೆ ಕಿತ್ತು ಹೋಗಿದ್ದು ಅದು. ನಿಂತಿದೆ.

ಎಲೆ ಉದುರಲು ಶುರುವಾಗಿದೆ. ಬರುವ ಶನಿವಾರ ವಾಟರ್‌ಬಾರ್‌ಗಳ ಬಾಯಿ ಬಿಡಿಸಬೇಕು. ಈ ಕಡೆ ಇರುವ ಕನ್ನಡದವರು ಯಾರಾದರೂ ಬರುವುದಾದರೆ ಬೆಳಿಗ್ಗೆ ಏಳಕ್ಕೆ ಹೊರಡುತ್ತೇನೆ, ಕಾರಿನಲ್ಲಿ ಮೂರು ಜನಕ್ಕೆ ಜಾಗ ಇದೆ. ಗ್ಲೌಸ್, ಹೆಲ್ಮೆಟ್ ನಾನು ತರುತ್ತೇನೆ. ಗಟ್ಟಿ ಶೂ, ಎರಡು ಲೀಟರ್ ನೀರು, ಮಧ್ಯಾಹ್ನದ ಬುತ್ತಿ ನೀವು ತನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಎಲೆ ಎಳೆಯುವ ಕೆಲಸ ಅವರಿಗೆ ಇದೆ.