ಬಂತು ನೋಡಿ

ನನ್ನ ಕಾರಿನ ಮೀಟರ್ ಬೋರ್ಡಿನಲ್ಲಿ ಒಂದು ಹಳದಿ ಚಿತ್ರವಿದೆ. ಪುಟ್ಟದೊಂದು ಕಾರು, ಅದರ ಕೆಳಗೆ ಎರಡು ಸೊಟ್ಟ ಗೆರೆ. ಮದುವೆ ಮನೆಯಲ್ಲಿ ಎಂಟು ಹೋಳಿಗೆ ತಿಂದವರು ಕೈ ತೊಳೆಯಲು ಎದ್ದು ಹೋಗುವ ದಾರಿಯ ಹಾಗೆ. ಕಾರು ಓಡುವಾಗ ಅದು ಹತ್ತಿ ಆರದೆ ನಿಂತರೆ, ಕಾರು ಜಾರದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್ ಕೈಕೊಟ್ಟಿದೆ ಅಂತ ಅರ್ಥ. ಯಾಕೆ ಅಂತ ಮಾತ್ರ ಅದು ಹೇಳುವುದಿಲ್ಲ. ಅದನ್ನು ಹೇಳಲು ಊರೆಲ್ಲ ಇದೆ.

ಮೊದಲನೆಯವರು ನಮ್ಮ ಮಾವ.

ಮಾವ ಕೆ.ಇ.ಬಿ.ಯಲ್ಲಿ ಮೀಟರ್ ರೀಡರ್ ಆಗಿದ್ದವರು. ಬೆಂಗಳೂರಿಗೆ ಬೆಸ್ಕಾಂ ಬಂದಿದ್ದು 2002ರಲ್ಲಿ. ಮಾವನ ಬಾಯಲ್ಲಿ ಇವತ್ತಿಗೂ ಕೆ.ಇ.ಬಿ.ಯೇ. ಬಸವನಗುಡಿ, ಹನುಮಂತನಗರದ ಮನೆಮನೆಯ ಮೀಟರಿಗೆ ಕಣ್ಣಿಟ್ಟ ಮನುಷ್ಯ. ಈಗ ಆ ಕಣ್ಣಿಗೆ ಉಳಿದಿರುವುದು ನನ್ನ ಮೀಟರ್ ಬೋರ್ಡ್ ಒಂದೇ. ಎಡಗಡೆ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಕುತ್ತಿಗೆಯನ್ನು ನನ್ನ ಕಡೆ ಅರ್ಧ ಅಡಿ ಚಾಚುತ್ತಾರೆ. ದೀಪ ಹತ್ತುತ್ತದೆ.

"ಬಂತು ನೋಡಿ."

ನನಗೂ ಕಾಣುತ್ತದೆ. ದೀಪ ಇರುವುದೇ ನನ್ನ ಮೂಗಿನ ಮುಂದೆ. ಆದರೂ ಹೇಳುತ್ತಾರೆ. ಸಿಗ್ನಲ್‌ನಲ್ಲಿ ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋದರೆ ದೀಪ ಆರುತ್ತದೆ. "ಹೋಯ್ತು." ಕತ್ರಿಗುಪ್ಪೆಯಿಂದ ದೇವೇಗೌಡ ಪೆಟ್ರೋಲ್ ಬಂಕ್ ತಲುಪುವಷ್ಟರಲ್ಲಿ ಎರಡು ಸಲ ಬಂತು, ಒಂದು ಸಲ ಹೋಯ್ತು. ದನಿಯಲ್ಲಿ ಗಾಬರಿಯಿಲ್ಲ, ದೂರಿಲ್ಲ. ಬರೀ ರೀಡಿಂಗ್. ಬೈದರೆ ತಿರುಗಿ ಏನಾದರೂ ಅನ್ನಬಹುದು. ರೀಡಿಂಗ್ ಕೊಡುವವರಿಗೆ ಏನನ್ನುತ್ತೀರಿ?

ಎರಡನೇ ವಾರ ಅವರು ಒಂದು ಹಳೇ ಡೈರಿ ತಂದರು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ದಿನಾಂಕ, ಸಮಯ, ಸ್ಥಳ, ಷರಾ. ಒಂದು ದಿನ ಕದ್ದು ಷರಾ ಕಾಲಂ ಓದಿದೆ. "ಮಳೆ ಇರಲಿಲ್ಲ. ಅಳಿಯಂದಿರು ಫೋನ್ ನೋಡುತ್ತಿದ್ದರು."

ಸರ್ವಿಸ್ ಸೆಂಟರಿಗೆ ಹೋಗಲಿಲ್ಲ ಅಂತಲ್ಲ. ಹೋದೆ. ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ ನಗುನಗುತ್ತಾ ಹೇಳಿದ: "ಸ್ಕ್ಯಾನ್ ಮಾಡೋಕೆ 1500, ಜಿಎಸ್‌ಟಿ ಸೇರಿ 1770 ಆಗುತ್ತೆ ಸಾರ್. ಆಮೇಲೆ ಏನು ಅಂತ ಹೇಳ್ತೀವಿ."

"ಏನಿರಬಹುದು?"

"ಸೆನ್ಸರ್ ಇರಬಹುದು. ಮಾಡ್ಯೂಲ್ ಇರಬಹುದು."

"ಮಾಡ್ಯೂಲ್ ಆದರೆ ಎಷ್ಟು?"

ಅವನ ನಗು ನಿಂತಿತು. "ಮಾಡ್ಯೂಲ್ ಆದ್ರೆ ಕೂತ್ಕೊಂಡು ಮಾತಾಡೋಣ ಸಾರ್."

ಕೂತುಕೊಂಡು ಮಾತಾಡುವ ಮೊತ್ತ ನನ್ನ ಹತ್ತಿರ ಯಾವತ್ತೂ ಇದ್ದಿಲ್ಲ. ವಾಪಸ್ ಬಂದೆ. ಏನಾದರೂ ಆಗಲಿ, 1770ರ ಒಳಗೇ ಇದನ್ನು ಪತ್ತೆ ಮಾಡುತ್ತೇನೆ ಅಂತ ಹಟ ಹುಟ್ಟಿತು.

ನಿಜ ಹೇಳಬೇಕೆಂದರೆ ಈ ಊರಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಅನ್ನುವ ಸಾಧನದ ಅಗತ್ಯವೇ ನನಗೆ ಅರ್ಥವಾಗಿಲ್ಲ. ನಾವು ಸ್ಟೇರಿಂಗ್ ತಿರುಗಿಸಿದ ಕಡೆಗೂ ಕಾರು ನಿಜವಾಗಿ ಹೋಗುತ್ತಿರುವ ಕಡೆಗೂ ತಾಳೆ ಬೀಳದಿದ್ದರೆ ಅದು ತಾನಾಗಿಯೇ ಒಂದೊಂದು ಚಕ್ರಕ್ಕೆ ಬೇಕಾದಷ್ಟು ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ ಇದನ್ನು ಮೊದಲು ದುಬಾರಿ ಕಾರಿಗೆ ಹಾಕಿದರು. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಮರ್ಸಿಡಿಸ್‌ನ ಚಿಕ್ಕ ಕಾರೊಂದನ್ನು, ರಸ್ತೆಗೆ ಮೂಸ್ ಅನ್ನುವ ದೈತ್ಯ ಜಿಂಕೆ ಅಡ್ಡ ಬಂದರೆ ತಪ್ಪಿಸಿಕೊಳ್ಳುವ ಹಾಗೆ, ಸರಕ್ಕನೆ ಆಚೆ ಈಚೆ ತಿರುಗಿಸಿದರು. ಅದು ಮಗುಚಿಕೊಂಡಿತು. ಆಮೇಲೆ ಆ ಚಿಕ್ಕ ಕಾರಿಗೂ ಇದು ಬಂತು. ನಮ್ಮಲ್ಲಿ ಮೂಸ್ ಇಲ್ಲ. ರಾಂಗ್ ಸೈಡಲ್ಲಿ ಸಿಲಿಂಡರ್ ಇಟ್ಟುಕೊಂಡು ಬರುವ ಸ್ಕೂಟರ್ ಇದೆ. ಆದರೆ ಸರಕ್ಕನೆ ತಿರುಗಿಸಲು ಮೊದಲು ವೇಗ ಬೇಕಲ್ಲ? ಸಂಜೆ ಆರಕ್ಕೆ ಔಟರ್ ರಿಂಗ್ ರೋಡಿನಲ್ಲಿ ನನ್ನ ಕಾರು ಜಾರಬೇಕೆಂದರೂ ಜಾಗವಿಲ್ಲ.

ಆದರೆ ದಸರಾ ರಜಕ್ಕೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವುದಿತ್ತು. "ಆ ದೀಪ ಆರೋವರೆಗೂ ನಾನು ಘಾಟಿ ಇಳಿಯಲ್ಲ ರೀ" ಅಂದಳು ನನ್ನ ಹೆಂಡತಿ. ಅಪ್ಪನ ಮಗಳು.

ಎಸ್.ಪಿ. ರೋಡಿಗೆ ಹೋಗಿ, 1200 ಹೇಳಿದ್ದನ್ನು 750ಕ್ಕೆ ಇಳಿಸಿ, ಬೆಂಕಿಪೊಟ್ಟಣದಷ್ಟಿರುವ ಸ್ಕ್ಯಾನರ್ ತಂದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಬ್ಲೂಟೂತ್‌ನಲ್ಲಿ ಫೋನಿಗೆ ದೋಷ ಹೇಳುತ್ತದಂತೆ. ಹೇಳಿತು. "ಯಾವ ದೋಷವೂ ಇಲ್ಲ." ಅದರ ಮೇಲ್ಗಡೆಯೇ ಹಳದಿ ದೀಪ ಉರಿಯುತ್ತಿತ್ತು. ಆಮೇಲೆ ಗೊತ್ತಾಯಿತು, ಇಂಥ ಅಗ್ಗದ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ ಒಂದನ್ನೇ ವಿಚಾರಿಸುತ್ತದೆ. ಬ್ರೇಕಿನ ಕಂಪ್ಯೂಟರ್ ಬೇರೆ. ಸರ್ಕಾರಿ ಕಚೇರಿಯಲ್ಲಿ ಖಾತೆ ಕೌಂಟರಿನಲ್ಲಿ ನಿಂತು ಪಿಂಚಣಿ ಕೇಳಿದ ಹಾಗಾಯಿತು.

ಆಮೇಲೆ ಸಲಹೆಗಾರರು. ಆಫೀಸಿನ ಗೆಳೆಯ ಬ್ಯಾಟರಿ ಅಂದ. ಅಪಾರ್ಟ್‌ಮೆಂಟಿನ ಸೆಕ್ರೆಟರಿ, ಡ್ಯಾಶ್‌ಬೋರ್ಡಿನಲ್ಲಿ ಅದೇ ಚಿತ್ರದ ಬಟನ್ ಇದೆಯಲ್ಲ, ಒತ್ತಿ ಅಂದರು. ಒತ್ತಿದೆ. ಅದು ಆಫ್ ಮಾಡುವ ಬಟನ್. ಇನ್ನೊಂದು ದೀಪ ಹತ್ತಿತು. ಯೂಟ್ಯೂಬಿನವನು ಬ್ರೇಕ್ ಪೆಡಲ್ಲಿನ ಸ್ವಿಚ್ಚು ಬದಲಿಸಿ, ಅದು ಕೆಟ್ಟರೂ ಹೀಗೇ ಆಗುತ್ತದೆ ಅಂದ. ಸುಳ್ಳಲ್ಲ, ಆಗುತ್ತದೆ. ಜೆ.ಸಿ. ರೋಡಿನಲ್ಲಿ 420 ಕೊಟ್ಟು ಸ್ವಿಚ್ಚು ತಂದೆ, ಪಾರ್ಕಿಂಗಿಗೆ 40. ಬೇಸ್‌ಮೆಂಟಿನಲ್ಲಿ ಕಾಲು ಹೊರಗೆ, ತಲೆ ಪೆಡಲ್ ಕೆಳಗೆ ಮಾಡಿ ಮಲಗಿ ಹಾಕಿದೆ. ಗೇಟು ದಾಟಿ ನೂರು ಮೀಟರ್ ಹೋಗಿರಲಿಲ್ಲ.

"ಬಂತು ನೋಡಿ."

ಆ ಹೊತ್ತಿಗೆ ಒಂದು ವಿಷಯವನ್ನು ನಾನು ಗಮನಿಸಬೇಕಿತ್ತು. ಹಳದಿ ಕಾರಿನ ಚಿತ್ರದ ಜೊತೆಗೆ ಪ್ರತಿಸಲವೂ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆಯ ದೀಪವೂ ಹತ್ತುತ್ತಿತ್ತು. ಎರಡೂ ಜೋಡಿಯಾಗಿ ಬಂದರೆ ಮೊದಲು ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆ ನೋಡಬೇಕು. ಸ್ವಿಚ್ಚು ಅಗ್ಗ ಅಂತ ನಾನು ಅತ್ತ ಓಡಿದ್ದೆ.

ಮಾವನ ಡೈರಿ ಬೇರೆಯೇ ತೀರ್ಮಾನಕ್ಕೆ ಬಂದಿತ್ತು. ಸ್ಥಳದ ಕಾಲಂನಲ್ಲಿ ಒಂಬತ್ತು ಸಲ "ಗಣಪತಿ ಗುಡಿ". ನಮ್ಮ ರಸ್ತೆ ಮೂಲೆಯ ಗುಡಿ ಅದು. ಸುತ್ತ ನಾಲ್ಕೂ ಕಡೆ ರಸ್ತೆ, ಮೂಲೆಯಲ್ಲೇ ಒಂದು ಹಂಪ್. "ನೀವು ಗುಡಿ ಮುಂದೆ ಕೈ ಮುಗಿಯಲ್ಲ" ಅಂದರು ಮಾವ. ಎರಡೂ ಕೈ ಸ್ಟೇರಿಂಗ್ ಮೇಲಿರುತ್ತೆ ಮಾವ ಅಂದೆ. "ಅದಕ್ಕೇ" ಅಂದರು.

ಒಂದು ಶನಿವಾರ ಸಂಜೆ ಪರೀಕ್ಷೆ ಮಾಡಿಯೇಬಿಡೋಣ ಅಂತ ಹೊರಟೆವು. ಹಂಪ್ ಹತ್ತಿ ಇಳಿದು ಎಡಕ್ಕೆ ತಿರುಗಿದೆ. "ಬಂತು." ಗಾಡಿ ಆಫ್, ಮತ್ತೆ ಸ್ಟಾರ್ಟ್, ಇನ್ನೊಂದು ಸುತ್ತು. "ಬಂತು." ಇನ್ನೊಂದು. "ಬಂತು." ನಾಲ್ಕನೇ ಸುತ್ತಿಗೆ ಹೂವಿನಾಕೆ ಬುಟ್ಟಿ ಬಿಟ್ಟು ಎದ್ದು ಬಂದು ಕಿಟಕಿ ತಟ್ಟಿದರು.

"ಏನ್ ಸಾರ್ ಇದು? ದೇವರಿಗೆ ಉಲ್ಟಾ ಸುತ್ತುತ್ತಾ ಇದ್ದೀರಾ? ಪ್ರದಕ್ಷಿಣೆ ಬಲಕ್ಕಲ್ವಾ?"

ನಾನು ಸೆನ್ಸರ್ ವಿಷಯ ಶುರು ಮಾಡಿದೆ. ಮಾವ ನನ್ನ ತೊಡೆ ತಟ್ಟಿ ಸುಮ್ಮನಾಗಿಸಿ, "ತಪ್ಪಾಯ್ತಮ್ಮ, ಸರಿಯಾಗಿ ಸುತ್ತುತ್ತೀವಿ" ಅಂದರು. ಅರವತ್ತು ರೂಪಾಯಿಯ ಮಲ್ಲಿಗೆ ಹೂವೂ ಒಳಗೆ ಬಂತು. ಗಾಡಿ ತಿರುಗಿಸಿದೆ. ಈಗ ಗುಡಿ ನಮ್ಮ ಬಲಕ್ಕೆ. ಅದೇ ಹಂಪ್, ಬಲ ತಿರುವು. ದೀಪ ಬರಲಿಲ್ಲ. ಎರಡನೇ ಸುತ್ತು, ಇಲ್ಲ. ಮೂರನೇ ಸುತ್ತು, ಇಲ್ಲ. ಮಾವ ಪೆನ್ನು ಮುಚ್ಚಿ ನನ್ನನ್ನು ನೋಡಿದರು. ಆ ನೋಟಕ್ಕೆ ಷರಾ ಬೇಕಿರಲಿಲ್ಲ. ನನ್ನ ತಲೆಗೆ ಹೊಳೆದದ್ದು ಬೇರೆ. ಚಕ್ರ ಎಡಕ್ಕೆ ತಿರುಗಿ, ಜೊತೆಗೆ ಕುಲುಕಿದಾಗ ಮಾತ್ರ ಏನೋ ಎಳೆಯುತ್ತಿದೆ.

ಅಷ್ಟರಲ್ಲಿ ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಹೊರಗೆ ಬಂದಿದ್ದರು. "ಹೊಸ ಗಾಡಿನಾ?" ಎಂಟು ವರ್ಷದ್ದು ಅನ್ನಲು ನಾಚಿಕೆಯಾಯಿತು. ಪಕ್ಕಕ್ಕೆ ನಿಲ್ಲಿಸಿದೆ. ಕುಂಕುಮ, ಮಲ್ಲಿಗೆ, ಕರ್ಪೂರ. ತಟ್ಟೆಗೆ 101. ಹತ್ತು ರೂಪಾಯಿಯ ನಿಂಬೆಹಣ್ಣನ್ನು ಎಡ ಮುಂಚಕ್ರದ ಕೆಳಗೆ ಇಟ್ಟರು. ರಸ್ತೆ ಇಳಿಜಾರು. ನಿಂಬೆಹಣ್ಣು ಉರುಳಿ ಚಕ್ರದ ಹಿಂದಕ್ಕೆ ಹೋಯಿತು. "ತಗೊಳ್ಳಿ, ತಗೊಳ್ಳಿ" ಅಂದರು. ಮೊಣಕಾಲೂರಿ, ಫೋನಿನ ಟಾರ್ಚ್ ಹಾಕಿ ಬಗ್ಗಿದೆ. ಚಕ್ರದ ಹಿಂದೆ ಒಂದು ಕಪ್ಪು ವೈರು ಹಗ್ಗದ ಹಾಗೆ ಜೋತಾಡುತ್ತಿತ್ತು. ಒಂದು ಕಡೆ ಸವೆದು, ಒಳಗಿನ ತಾಮ್ರ ನಿಂಬೆಹಣ್ಣಿನ ಪಕ್ಕದಲ್ಲೇ ಮಿಣಮಿಣ ಅನ್ನುತ್ತಿತ್ತು.

ಅರ್ಚಕರು ಕಾಯುತ್ತಿದ್ದರು. ನಾನು ಇನ್ನೂ ಕೆಳಗೇ. ಮಾವ ಬಗ್ಗಿ ಕೇಳಿದರು, "ಸಿಕ್ತಾ?"

"ಸಿಕ್ತು ಮಾವ. ಎರಡೂ ಸಿಕ್ತು."

ಸೋಮವಾರ ನಮ್ಮ ಬೀದಿಯ ಮೆಕ್ಯಾನಿಕ್ ತನ್ನ ದೊಡ್ಡ ಸ್ಕ್ಯಾನರ್ ಹಾಕಿದ. ಸಿ0035, ಎಡ ಮುಂಚಕ್ರದ ವೇಗದ ಸೆನ್ಸರಿನ ಸರ್ಕ್ಯೂಟ್. "ಸೆನ್ಸರ್ ಚೆನ್ನಾಗಿದೆ ಸಾರ್. ಬ್ರೇಕ್ ಪ್ಯಾಡ್ ಹಾಕಿದೋರು ವೈರ್ ಹಿಡಿಯೋ ಕ್ಲಿಪ್ ಮತ್ತೆ ಹಾಕೇ ಇಲ್ಲ." ತುಂಡಾದಲ್ಲಿ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಲೈಟರ್‌ನಿಂದ ಬಿಸಿ ಮಾಡಿ, ಎರಡು ಕೇಬಲ್ ಟೈ ಬಿಗಿದು, ಹಳೇ ಕೋಡ್ ಅಳಿಸಿದ. 400 ರೂಪಾಯಿ. ಸರ್ವಿಸ್ ಸೆಂಟರಿನ ಮಾಡ್ಯೂಲನ್ನು ನೆನೆದು ನನಗೆ ಹಾಡಬೇಕು ಅನ್ನಿಸಿತು.

ರಾತ್ರಿ ಮಾವ ಲೆಕ್ಕ ಬರೆದರು. ಸ್ಕ್ಯಾನರ್ 750, ಸ್ವಿಚ್ಚು 420, ಪಾರ್ಕಿಂಗ್ 40, ಮಲ್ಲಿಗೆ 60, ದಕ್ಷಿಣೆ 101, ನಿಂಬೆಹಣ್ಣು 10, ಮೆಕ್ಯಾನಿಕ್ 400. ಒಟ್ಟು 1781. ಕೆಳಗೆ ಎರಡು ಗೆರೆ ಎಳೆದು, "ಸ್ಕ್ಯಾನಿಗಿಂತ ಹನ್ನೊಂದು ರೂಪಾಯಿ ಜಾಸ್ತಿ" ಅಂದರು. ಸ್ಕ್ಯಾನ್ ಬರೀ ಸ್ಕ್ಯಾನ್ ಮಾವ, ರಿಪೇರಿ ಅಲ್ಲ ಅಂತ ವಾದಿಸಿದೆ. "ಇರಲಿ, ಹನ್ನೊಂದು ಜಾಸ್ತಿ" ಅಂದರು. ನನಗೆ ಇವತ್ತಿಗೂ ಉರಿಯುತ್ತಿರುವುದು ಆ ಹನ್ನೊಂದು ರೂಪಾಯಿ.

ಆಮೇಲೆ ದೀಪ ಬಂದಿಲ್ಲ. ಮಾವ ಮೊದಲಿನ ಹಾಗೇ ಕುತ್ತಿಗೆ ಚಾಚಿ ಕೂರುತ್ತಾರೆ. ಗುಡಿ ಮೂಲೆ ಬರುತ್ತದೆ, ಹಂಪ್ ಬರುತ್ತದೆ, ಎಡಕ್ಕೆ ತಿರುಗುತ್ತೇನೆ. ಏನೂ ಇಲ್ಲ. ಮೂರು ದಿನ ಡೈರಿಯಲ್ಲಿ "ಇಲ್ಲ", "ಇಲ್ಲ", "ಇಲ್ಲ" ಅಂತಿತ್ತು. ನಾಲ್ಕನೇ ದಿನ ಡೈರಿಯನ್ನು ಮನೆಯಲ್ಲೇ ಬಿಟ್ಟು ಬಂದರು. ಅತ್ತೆ ಹೋದ ಮೇಲೆ ಮಾವ ಹೊರಗೆ ಬರುವುದೇ ನನ್ನ ಕಾರಿನಲ್ಲಿ. ತರಕಾರಿಗೆ, ಬಿ.ಪಿ. ಮಾತ್ರೆಗೆ, ಸುಮ್ನೆ ಒಂದು ಸುತ್ತಿಗೆ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಎಡಗಡೆ ಕಿಟಕಿಯಲ್ಲಿ ಹಳೇ ಮನೆಗಳ ಗೋಡೆ ನೋಡುತ್ತಾ ಕೂತಿದ್ದರು. ಮೀಟರ್ ಪೆಟ್ಟಿಗೆ ಇರುವ ಕಡೆ.

ಇವತ್ತು ಬೆಳಿಗ್ಗೆ ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ನಿಂತಿದ್ದೆವು. ಮಾವ ಇದ್ದಕ್ಕಿದ್ದ ಹಾಗೆ ಬಾಗಿಲಿಗೆ ಕಿವಿ ಕೊಟ್ಟರು.

"ಎ.ಸಿ. ಹಾಕಿದಾಗ ಒಂದು ಟಿಕ್ ಅನ್ನುತ್ತೆ. ಕೇಳಿಸ್ತಾ?"

ಕೇಳಿಸಲಿಲ್ಲ ಅಂದೆ. ರೇಡಿಯೋ ದನಿ ಸ್ವಲ್ಪ ಜಾಸ್ತಿ ಮಾಡಿದೆ. ಅಷ್ಟರಲ್ಲಿ ಅವರ ಚೀಲದಿಂದ ಡೈರಿ ಹೊರಗೆ ಬಂದಿತ್ತು, ಜೊತೆಗೆ ಸ್ಕೇಲೂ. ಹೊಸ ಪುಟದಲ್ಲಿ ಗೆರೆ ಎಳೆಯುತ್ತಾ, ತಲೆಯೆತ್ತದೆ ಹೇಳಿದರು.

"ಅದನ್ನ ಕಡಿಮೆ ಮಾಡಿ ಅಳಿಯಂದಿರೆ. ಎಣಿಸಬೇಕು."