ಹಗೆಯ ಕಥೆ ಸಾಕು, ನದಿಯ ಕಥೆ ಹೇಳಿ

ಅಮೆರಿಕದ ಕೆಂಟಕಿ ರಾಜ್ಯದ ಪೈಕ್‌ವಿಲ್ ಎಂಬ ಊರಿನ ಕುರಿತು ನಾನು ಓದಿದ ಲೇಖನದ ಮುಕ್ಕಾಲು ಪಾಲನ್ನು ಹತ್ತೊಂಬತ್ತನೇ ಶತಮಾನದಲ್ಲಿ ಪರಸ್ಪರ ಕೊಲೆಗಳಿಗೆ ಇಳಿದಿದ್ದ ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್ ಮನೆತನಗಳ ಹಗೆಯೇ ನುಂಗಿದೆ. ಇರಲಿ, 1890ರಲ್ಲಿ ಹ್ಯಾಟ್‌ಫೀಲ್ಡ್ ಕಡೆಯ ಎಲಿಸನ್ ಮೌಂಟ್ಸ್‌ನನ್ನು ಗಲ್ಲಿಗೇರಿಸಿದ್ದು ಇದೇ ಊರಿನಲ್ಲಿ. ಮೆಕಾಯ್ ಮನೆತನದ ಹಿರಿಯ ರ‍್ಯಾಂಡಲ್ಫ್ ಮೆಕಾಯ್ ಸಮಾಧಿಯೂ ಇಲ್ಲಿಯೇ ಇದೆ. ಆದರೆ ಹರಿಯುವ ನದಿಯನ್ನೇ ಊರಿನಿಂದ ಆಚೆಗೆ ತಳ್ಳಿದ ಸಾಹಸಕ್ಕೆ ಲೇಖನದಲ್ಲಿ ಒಂದೇ ಒಂದು ಸಾಲೇ?

ಬಿಗ್ ಸ್ಯಾಂಡಿ ನದಿಯ ಲವೈಸಾ ಕವಲು ಹಿಂದೆ ಪೇಟೆಯನ್ನು ಲಾಳದಂತೆ ಬಳಸಿಕೊಂಡು ಹರಿಯುತ್ತಿತ್ತು. ಹಿಂದೆ ಬೆಟ್ಟ, ಮುಂದೆ ನೀರು, ನಡುಪೇಟೆಯಲ್ಲಿ ಕಲ್ಲಿದ್ದಲು ಹೊತ್ತ ರೈಲು. 1957ರ ಪ್ರವಾಹ ಊರನ್ನು ಹಣ್ಣುಗಾಯಿ ಮಾಡಿತು. ವೃತ್ತಿಯಿಂದ ವೈದ್ಯರಾಗಿದ್ದ ಮೇಯರ್ ವಿಲಿಯಂ ಹ್ಯಾಂಬ್ಲಿ ನದಿಯನ್ನು ಬೇರೆಡೆ ತಿರುಗಿಸಲು ಬೆಟ್ಟವನ್ನೇ ಸೀಳುವ ಯೋಜನೆಯ ಬೆನ್ನು ಹತ್ತಿದರು. 1973ರಲ್ಲಿ ಶುರುವಾದ ಕೆಲಸ ಮುಗಿದದ್ದು 1987ರಲ್ಲಿ. ನಡುವೆ, 1977ರಲ್ಲಿ, ಮತ್ತೊಂದು ಪ್ರವಾಹ ಬಂದು ಹೋಯಿತು. ಸುಮಾರು 160 ಮೀಟರ್ ಆಳದ ಆ ಸೀಳಿನಲ್ಲಿ ಈಗ ನದಿ, ರೈಲು ಹಳಿ, ನಾಲ್ಕು ಪಥದ ಹೆದ್ದಾರಿ ಮೂರೂ ಒಟ್ಟಿಗೆ ಸಾಗುತ್ತವೆ. ಅಗೆದ ಮಣ್ಣು ಸುಮಾರು 1 ಕೋಟಿ 38 ಲಕ್ಷ ಘನ ಮೀಟರ್. ಅದರಲ್ಲಿ ಹಳೆಯ ನದಿಪಾತ್ರವನ್ನು ತುಂಬಿಸಿ, ಇಕ್ಕಟ್ಟಿನ ಊರಿಗೆ ಸಮತಟ್ಟಾದ ನೆಲ ಒದಗಿಸಿದರು. ಗುಡ್ಡಗಾಡಿನಲ್ಲಿ ಅಂಥ ನೆಲದ ಬೆಲೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಪನಾಮಾ ಕಾಲುವೆಯ ನಂತರ ಇದೇ ದೊಡ್ಡ ಅಗೆತದ ಕೆಲಸ ಎಂದು ಕೆಲವರು ಹೇಳುವುದುಂಟು. ಆ ಹೋಲಿಕೆ ನನಗೆ ಅತಿಯೆನಿಸುತ್ತದೆ, ಕೆಲಸದ ದೊಡ್ಡಸ್ತಿಕೆಗೆ ಅದರ ಅಗತ್ಯವೂ ಇಲ್ಲ. ಲೇಖನದಲ್ಲಿರುವ ಬಂದೂಕು ಹಿಡಿದವರ ಚಿತ್ರಗಳ ಜೊತೆಗೆ ನದಿಯ ಹಳೆಯ ಮತ್ತು ಹೊಸ ದಾರಿ ತೋರಿಸುವ ನಕ್ಷೆಯೊಂದನ್ನು ದಯವಿಟ್ಟು ಸೇರಿಸಿ.